ಕೋವಿಡ್ ಕಾಲದಲ್ಲಿ ಲಿವರ್ ಕ್ಯಾನ್ಸರ್ ರೋಗಿಗಳಿಗೆ ಏನಾಯಿತು? ಮತ್ತೆ ಅಂಥದ್ದು ಬಂದರೆ ಏನು ಮಾಡಬೇಕು?

ನಿಮ್ಮ ತಂದೆಗೆ ಹೆಪಟೈಟಿಸ್ ಬಿ ಯಿಂದ ಸಿರೋಸಿಸ್ ಆಗಿದೆ, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗಿದೆ. ಅಂಥ ಲಿವರ್‌ನಲ್ಲಿ ಕ್ಯಾನ್ಸರ್ ಬರುವ ಅಪಾಯ ಇರುವುದರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿದ್ದೀರಿ. ಕೋವಿಡ್ ಬಂದಾಗ ಲಿವರ್ ಕ್ಯಾನ್ಸರ್ ರೋಗಿಗಳಿಗೆ ಆಸ್ಪತ್ರೆಗಳಲ್ಲಿ ಏನಾಯಿತು, ಅಂಥದ್ದು ಮತ್ತೆ ಬಂದರೆ ನಾವು ಏನು ಮಾಡಬೇಕು ಅಂತ ಕೇಳಿದ್ದೀರಿ. 2020 ಮತ್ತು 2021ರಲ್ಲಿ ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಲಿವರ್ ವಿಭಾಗದಲ್ಲಿ ನರ್ಸ್ ಆಗಿದ್ದೆ. ‘ಈಗ ಬರಬೇಡಿ, ಆಮೇಲೆ ತಿಳಿಸುತ್ತೇವೆ’ ಎಂದು ರೋಗಿಗಳಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೂ ಬಂದಿತ್ತು.

ನಾನು ಕಂಡಂತೆ, ಆಗಲೇ ಕ್ಯಾನ್ಸರ್ ಗೊತ್ತಾಗಿ ಚಿಕಿತ್ಸೆಯಲ್ಲಿದ್ದವರಿಗೆ ಹೇಗೋ ಒಂದು ದಾರಿ ಸಿಕ್ಕಿತು. ಜಾಸ್ತಿ ಪೆಟ್ಟು ತಿಂದವರು ನಿಮ್ಮ ತಂದೆಯಂಥವರು. ಸಿರೋಸಿಸ್ ಇದ್ದು, ಗಡ್ಡೆ ಬಂದಿದೆಯೋ ಇಲ್ಲವೋ ಗೊತ್ತಿಲ್ಲದೆ, ಸ್ಕ್ಯಾನಿಂಗ್ ತಪ್ಪಿಹೋದವರು. ಅದಕ್ಕೇ ಆ ಸ್ಕ್ಯಾನಿಂಗ್ ಬಗ್ಗೆ ಇಲ್ಲಿ ಹೆಚ್ಚು ಬರೆಯುತ್ತಿದ್ದೇನೆ.

ಲಿವರ್ ಕ್ಯಾನ್ಸರ್ ಶುರುವಿನಲ್ಲಿ ನೋಯುವುದಿಲ್ಲ. ಊಟ ಸೇರುತ್ತದೆ, ಕೆಲಸ ನಡೆಯುತ್ತದೆ. ಎರಡು ಸೆಂಟಿಮೀಟರ್ ಗಡ್ಡೆ ಒಳಗಿದ್ದರೂ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಮಾಡುವ ಅಲ್ಟ್ರಾಸೌಂಡ್, ಜೊತೆಗೆ ಲಿವರ್ ಕ್ಯಾನ್ಸರ್‌ನ ಸುಳಿವು ಕೊಡುವ ಎಎಫ್‌ಪಿ ರಕ್ತಪರೀಕ್ಷೆ, ಇವುಗಳಲ್ಲೇ ಅದು ಸಿಕ್ಕಿಬೀಳಬೇಕು. ಚಿಕ್ಕದಿದ್ದಾಗ ಸಿಕ್ಕರೆ ಸೂಜಿ ಚುಚ್ಚಿ ಸುಟ್ಟುಹಾಕಬಹುದು, ಇಲ್ಲವೇ ಆಪರೇಷನ್ ಮಾಡಿ ತೆಗೆಯಬಹುದು. ಲಿವರ್ ಕಸಿಗೆ ವೈದ್ಯರು ಬಹುಕಾಲದಿಂದ ನೋಡುವ ಅಳತೆ ಮಿಲಾನ್ ಮಾನದಂಡ. ಅದರ ಪ್ರಕಾರ ಒಂದೇ ಗಡ್ಡೆಯಾದರೆ 5 ಸೆಂ.ಮೀ. ಒಳಗಿರಬೇಕು. ಒಂದಕ್ಕಿಂತ ಹೆಚ್ಚಿದ್ದರೆ ಮೂರು ದಾಟಬಾರದು, ಒಂದೊಂದೂ 3 ಸೆಂ.ಮೀ. ಮೀರಬಾರದು. ಗಡ್ಡೆ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದೊಳಗೆ ಹೊಕ್ಕಿತೋ, ಈ ದಾರಿಗಳೆಲ್ಲ ಹೆಚ್ಚುಕಡಿಮೆ ಮುಚ್ಚುತ್ತವೆ. ಬಹುತೇಕರಿಗೆ ಮಾತ್ರೆ, ಇಂಜೆಕ್ಷನ್ ಅಷ್ಟೇ ಉಳಿಯುತ್ತದೆ. ಈ ಗಡ್ಡೆಯ ಗಾತ್ರ ಇಮ್ಮಡಿಯಾಗಲು ಸರಾಸರಿ ನಾಲ್ಕರಿಂದ ಆರು ತಿಂಗಳು ಸಾಕು. ಕೆಲವರಲ್ಲಿ ಇನ್ನೂ ಬೇಗ, ಕೆಲವರಲ್ಲಿ ನಿಧಾನ.

ಈಗ 2020ರ ಮಾರ್ಚ್ ನೆನಪಿಸಿಕೊಳ್ಳಿ. 25ರಿಂದ ದೇಶವೆಲ್ಲ ಲಾಕ್‌ಡೌನ್. ಬಸ್ಸಿಲ್ಲ, ರೈಲಿಲ್ಲ. ಬೆಂಗಳೂರಿನಲ್ಲಿ ಬಡವರು ನಂಬಿಕೊಂಡಿದ್ದ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ರಾಯಚೂರು, ಕಲಬುರಗಿ ಕಡೆಯಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಓಪಿಡಿ ಮುಂದೆ ಕೂರುತ್ತಿದ್ದವರು ಬರುವುದೇ ನಿಂತಿತು. ಅತ್ತ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ಕನ್ನಡದವರಿಗೂ ಮಂಗಳೂರಿನ ಆಸ್ಪತ್ರೆಗಳು ಕೈಗೆಟುಕದಾದವು. ವಿಷಯ ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೊನೆಗೆ ತುರ್ತು ರೋಗಿಗಳಿಗೆ ದಾರಿ ಬಿಟ್ಟರು. ಆದರೆ ಆರು ತಿಂಗಳ ಸ್ಕ್ಯಾನಿಂಗ್ ಯಾರ ಲೆಕ್ಕದಲ್ಲೂ ತುರ್ತಲ್ಲ, ಅಲ್ವಾ?

ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕ ಆಮೇಲೆ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಬಂತು. ಅದು ಎಲ್ಲ ಬಗೆಯ ಕ್ಯಾನ್ಸರ್ ಸೇರಿಸಿದ ಲೆಕ್ಕ. 2020ರ ಮಾರ್ಚ್‌ನಿಂದ ಮೇವರೆಗೆ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದರೆ ಶೇ 54ರಷ್ಟು ಕುಸಿದಿತ್ತು. ದೊಡ್ಡ ಆಪರೇಷನ್‌ಗಳು ಶೇ 49ರಷ್ಟು ಕಡಿಮೆಯಾಗಿದ್ದವು. ಕ್ಯಾನ್ಸರ್ ಏನೂ ಕಡಿಮೆಯಾಗಿರಲಿಲ್ಲ. ಆ ರೋಗಿಗಳು ಮನೆಯಲ್ಲಿದ್ದರು. ಲಿವರ್ ಕ್ಯಾನ್ಸರ್‌ನದ್ದೇ ಲೆಕ್ಕ ಬೇಕೆಂದರೆ ಪ್ಯಾರಿಸ್ಸಿನದು ಇದೆ. ಅಲ್ಲಿ ಚಿಕಿತ್ಸೆ ಒಂದು ತಿಂಗಳಿಗಿಂತ ಹೆಚ್ಚು ತಡವಾದವರು 2019ರಲ್ಲಿ ಶೇ 9.5 ಇದ್ದರೆ, 2020ರಲ್ಲಿ ಶೇ 21.5. ಅಷ್ಟು ಅನುಕೂಲ ಇರುವ ಊರಿನಲ್ಲೇ ಹೀಗೆ.

ಆಸ್ಪತ್ರೆಗಳು ಯಾಕೆ ಮುಂದೂಡಿದವು ಅಂತ ನಿಮಗೆ ಸಿಟ್ಟಿರಬಹುದು. ಕಾರಣಗಳು ಸುಳ್ಳಾಗಿರಲಿಲ್ಲ. ಲಿವರ್ ಆಪರೇಷನ್ ಆದವರಿಗೆ ಐಸಿಯು ಬೆಡ್ ಬೇಕು, ಒಮ್ಮೊಮ್ಮೆ ವೆಂಟಿಲೇಟರ್ ಬೇಕು, ಬಾಟಲಿಗಟ್ಟಲೆ ರಕ್ತ ಬೇಕಾಗಬಹುದು. ಕಾಲೇಜು ಮುಚ್ಚಿ ರಕ್ತದಾನ ಶಿಬಿರಗಳು ನಿಂತುಹೋಗಿದ್ದವು. ಅರಿವಳಿಕೆ ವೈದ್ಯರೆಲ್ಲ ಕೋವಿಡ್ ವಾರ್ಡಿಗೆ ಹೋಗಿದ್ದರು. ಸಿಟಿ ಯಂತ್ರದಲ್ಲಿ ಕೋವಿಡ್ ಶ್ವಾಸಕೋಶ ನೋಡಿದ ಮೇಲೆ ಕೋಣೆ ತೊಳೆದು, ಒಣಗಿಸಿ, ಆಮೇಲೆ ಮುಂದಿನವರು. ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಸಿರೋಸಿಸ್ ಇದ್ದವರಿಗೆ ಕೋವಿಡ್ ತಗುಲಿದರೆ ಬದುಕುವುದು ಕಷ್ಟ. ಹಲವು ದೇಶಗಳ ರೋಗಿಗಳ ದಾಖಲೆ ಸೇರಿಸಿ ನೋಡಿದ ಒಂದು ಅಧ್ಯಯನದಲ್ಲಿ, ಕೋವಿಡ್ ಬಂದ ಸಿರೋಸಿಸ್ ರೋಗಿಗಳಲ್ಲಿ ಶೇ 32ರಷ್ಟು ಜನ ತೀರಿಕೊಂಡಿದ್ದರು. ಲಿವರ್ ತೀರಾ ಹದಗೆಟ್ಟವರಲ್ಲಿ ಅರ್ಧದಷ್ಟು ಜನ. ಅಂಥವರನ್ನು ಸುಮ್ನೆ ಒಂದು ಸ್ಕ್ಯಾನಿಂಗ್‌ಗೆ ಜನಜಂಗುಳಿಯ ಓಪಿಡಿಗೆ ಕರೆಯುವುದು ಹೇಗೆ?

ಹಾಗಾಗಿ ಸ್ಕ್ಯಾನಿಂಗ್ ಎರಡು ತಿಂಗಳು ಮುಂದೆ ಹಾಕಬಹುದು ಎಂದು ಅಮೆರಿಕದ ಲಿವರ್ ತಜ್ಞರ ಸಂಘ ಆಗ ಹೇಳಿತು. ಆ ಮಾತು ಸರಿ ಎಂದೇ ನಾನು ಈಗಲೂ ನಂಬುತ್ತೇನೆ. ಎರಡು ತಿಂಗಳಿಂದ ದೊಡ್ಡ ಅನಾಹುತ ಆಗುವುದಿಲ್ಲ. ತೊಂದರೆ ಆದದ್ದು ಎರಡು ತಿಂಗಳು ಎಂಟು, ಹತ್ತು ತಿಂಗಳಾಗಿದ್ದರಿಂದ. ಮುಂದೂಡಿದವರ ಹೆಸರನ್ನು ಒಂದು ಕಡೆ ಬರೆದಿಟ್ಟು, ದಿನ ಬಂದಾಗ ವಾಪಸ್ ಕರೆಯುವ ವ್ಯವಸ್ಥೆ ಎಷ್ಟೋ ಕಡೆ ಇರಲಿಲ್ಲ. ರೋಗಿ ‘ಅವರೇ ಕರೆಯುತ್ತಾರೆ’ ಅಂದುಕೊಂಡರು. ಆಸ್ಪತ್ರೆ ‘ಅವರೇ ಬರುತ್ತಾರೆ’ ಅಂದುಕೊಂಡಿತು.

ಕೊಪ್ಪಳದ ಕಡೆಯ ಒಬ್ಬ ರೈತರು ಹೀಗೇ ಏಪ್ರಿಲ್ ಸ್ಕ್ಯಾನಿಂಗ್ ತಪ್ಪಿ, ವರ್ಷದ ಕೊನೆಗೆ ಬಂದರು. ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು. ಗಡ್ಡೆ ರಕ್ತನಾಳ ಹೊಕ್ಕಿತ್ತು. ‘ಏನೂ ನೋವಿರಲಿಲ್ರೀ ಸಿಸ್ಟರ್, ಹೊಲಕ್ಕೂ ಹೋಗತಿದ್ರು’ ಎಂದು ಅವರ ಹೆಂಡತಿ ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ಹೇಳಿದ್ದು ನಿಜ. ಅಷ್ಟು ದಿನ ನಿಜವಾಗಿಯೂ ನೋವಿರಲಿಲ್ಲ.

ಚಿಕಿತ್ಸೆಯಲ್ಲಿದ್ದವರಿಗೆ ದಾರಿ ಸಿಕ್ಕಿತು ಅಂದೆನಲ್ಲ, ಅದು ಹೀಗೆ. ಆಪರೇಷನ್ ಆಗಬೇಕಿದ್ದ ಕೆಲವರಿಗೆ ಸೂಜಿಯಿಂದ ಸುಡುವ ಚಿಕಿತ್ಸೆ ಮಾಡಿದರು. ಕೆಲವರಿಗೆ ಟೇಸ್ ಮಾಡಿದರು. ಅದರಲ್ಲಿ ಸಾಮಾನ್ಯವಾಗಿ ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ಕಳಿಸಿ, ಗಡ್ಡೆಗೇ ಔಷಧಿ ಬಿಟ್ಟು, ಅದಕ್ಕೆ ಹೋಗುವ ರಕ್ತವನ್ನು ತಡೆಯುತ್ತಾರೆ. ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು, ಐಸಿಯು ಹೆಚ್ಚಾಗಿ ಬೇಕಾಗುವುದಿಲ್ಲ. ಸೊರಾಫೆನಿಬ್, ಲೆನ್ವಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆಯಲ್ಲಿದ್ದವರನ್ನು ಫೋನಿನಲ್ಲೇ ನೋಡಿಕೊಂಡೆವು. ಟೆಲಿಮೆಡಿಸಿನ್‌ಗೆ ಕೇಂದ್ರ ಸರ್ಕಾರದ ನಿಯಮ ಬಂದದ್ದೂ ಆ ಮಾರ್ಚ್‌ನಲ್ಲೇ. ಕಸಿಯದು ಬೇರೆಯೇ ಕಷ್ಟ. ನಮ್ಮ ದೇಶದಲ್ಲಿ ಲಿವರ್ ಕಸಿ ಹೆಚ್ಚಾಗಿ ಮನೆಯವರೇ ಲಿವರ್‌ನ ಭಾಗ ಕೊಟ್ಟು ಆಗುವುದು. ಆರೋಗ್ಯವಾಗಿರುವ ಮಗಳನ್ನೋ ತಮ್ಮನನ್ನೋ ಕೋವಿಡ್ ಇರುವ ಆಸ್ಪತ್ರೆಯೊಳಗೆ ಮಲಗಿಸಲು ಯಾರಿಗೆ ಧೈರ್ಯ ಬರುತ್ತದೆ? 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯಲ್ಲಂತೂ ಆಕ್ಸಿಜನ್ನಿಗೇ ಪರದಾಟ. ಆಗ ಬೇರೆ ಯಾವ ರೋಗದ ಮಾತೂ ನಡೆಯಲಿಲ್ಲ.

ನೀವು ಮಾಡಬಹುದಾದದ್ದು ಹೇಳುತ್ತೇನೆ. ಅಂಥ ಕಾಲ ಬಂದು ಆಸ್ಪತ್ರೆಯವರು ಮುಂದೂಡಿದರೆ, ‘ಹೊಸ ದಿನ ಯಾವುದು?’ ಎಂದು ಫೋನ್ ಇಡುವ ಮೊದಲೇ ಕೇಳಿ, ಕ್ಯಾಲೆಂಡರಿನ ಮೇಲೆ ಬರೆಯಿರಿ. ಎರಡು ತಿಂಗಳು ದಾಟಿತು ಅಂದರೆ ಬೆಂಗಳೂರಿಗೆ ಕಾಯಬೇಡಿ. ಅಲ್ಟ್ರಾಸೌಂಡ್ ನಿಮ್ಮ ತಾಲ್ಲೂಕಿನಲ್ಲೋ ಜಿಲ್ಲಾ ಕೇಂದ್ರದಲ್ಲೋ ಆಗುತ್ತದೆ. ಎಎಫ್‌ಪಿಗೆ ರಕ್ತ ಅಲ್ಲಿನ ಲ್ಯಾಬಿನಲ್ಲೇ ಕೊಡಬಹುದು. ಸಿರೋಸಿಸ್ ಇದೆ, ಗಡ್ಡೆ ಇದೆಯಾ ನೋಡಬೇಕು, ಪೋರ್ಟಲ್ ರಕ್ತನಾಳವನ್ನೂ ನೋಡಿ ಎಂದು ಸ್ಕ್ಯಾನಿಂಗ್ ಮಾಡುವವರಿಗೆ ಮೊದಲೇ ಹೇಳಿ. ಹಳೆಯ ರಿಪೋರ್ಟ್ ತೋರಿಸಿ. ಹೊಸ ರಿಪೋರ್ಟನ್ನು ನಿಮ್ಮ ವೈದ್ಯರಿಗೆ ಫೋನಿನಲ್ಲಿ ಕಳಿಸಿ. ಎಲ್ಲ ರಿಪೋರ್ಟ್, ಸಿಟಿ ಸಿಡಿ ಒಂದೇ ಫೈಲಿನಲ್ಲಿರಲಿ, ಫೋಟೋ ಮೊಬೈಲಿನಲ್ಲೂ ಇರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಈಗಲೇ ಮಾಡಿಸಿಡಿ. ಗಲಾಟೆಯ ದಿನಗಳಲ್ಲಿ ಅದಕ್ಕೆ ಓಡಾಡುವುದು ತುಂಬಾ ಕಷ್ಟ.

ಹೆಪಟೈಟಿಸ್ ಬಿ ಗೆ ಎಂಟೆಕವಿರ್ ಅಥವಾ ಟೆನೊಫೊವಿರ್ ನುಂಗುತ್ತಿದ್ದರೆ ಅದನ್ನು ಒಂದು ದಿನವೂ ನಿಲ್ಲಿಸಬೇಡಿ. ನಿಲ್ಲಿಸಿದರೆ ವೈರಸ್ ಕೆರಳಿ ಲಿವರ್ ಕೈಕೊಡಬಹುದು. ಲಾಕ್‌ಡೌನಿನಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗಲಿಲ್ಲ ಎಂದು ಬಿಟ್ಟವರನ್ನು ನೋಡಿದ್ದೇನೆ. ಒಂದು ತಿಂಗಳ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರಲಿ. ರಕ್ತ ವಾಂತಿ, ಕಪ್ಪು ಮಲ, ಮಂಕುಬಡಿದಂತೆ ತೊದಲು ಮಾತು, ಹೊಟ್ಟೆಯಲ್ಲಿ ನೀರಿದ್ದು ಜ್ವರ, ಇಷ್ಟರಲ್ಲಿ ಯಾವುದು ಕಂಡರೂ ಸಾಂಕ್ರಾಮಿಕ ಇರಲಿ ಬಿಡಲಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ.

ಕಷಾಯದ ವಿಷಯವನ್ನೂ ಹೇಳಬೇಕು. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆ ಅಂತ ಮನೆಮನೆಯಲ್ಲೂ ಅಮೃತಬಳ್ಳಿ ಕುಡಿದರು. ಅದನ್ನು ಕುಡಿದ ಕೆಲವರ ಲಿವರ್‌ಗೆ ಹಾನಿಯಾದದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೂ ಸಿರೋಸಿಸ್ ಇರುವವರು ಆ ಅಪಾಯಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಮಾತು.

ಕೊನೆಗೆ ನಿಮ್ಮನ್ನೊಂದು ಕೇಳುತ್ತೇನೆ. ನೀವು, ನಿಮ್ಮ ತಾಯಿ, ಒಡಹುಟ್ಟಿದವರು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದ್ದೀರಾ? ಇಲ್ಲವಾದರೆ ಈ ವಾರವೇ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ. ಇದ್ದವರು ತಂದೆಯ ವೈದ್ಯರನ್ನೇ ಕಂಡು, ಸ್ಕ್ಯಾನಿಂಗ್ ಯಾವಾಗಿನಿಂದ ಶುರು ಮಾಡಬೇಕು ಅಂತ ಕೇಳಿ.