ಕದ್ದವನ ಮನೆಗೆ ಹೋದವರು ನಿಮ್ಮ ಮನೆಗೂ ಬರಬೇಕಿತ್ತು

ಓದುಗರ ಪತ್ರ

(ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ.)

"ಕಳೆದ ಸಂಚಿಕೆಯಲ್ಲಿ ಜೈಲಿಗೆ ಹೋಗಿ ಬಂದವರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರ ಬಗ್ಗೆ ಬರೆದಿದ್ದೀರಿ. ಓದಿ ಬೇಸರವಾಯಿತು. ನಮ್ಮ ಮನೆಯ ಅಟ್ಟದಿಂದ ಮೂರು ಚೀಲ ಚಾಲಿ ಅಡಿಕೆ ಕಳುವಾಯಿತು. ಕದ್ದವನು ನಮ್ಮ ತೋಟಕ್ಕೇ ಕೆಲಸಕ್ಕೆ ಬರುತ್ತಿದ್ದ ಹುಡುಗ, ಇಪ್ಪತ್ತು ವರ್ಷ. ವಾಪಸ್ ಸಿಕ್ಕಿದ ಎರಡು ಚೀಲ ಇನ್ನೂ ಠಾಣೆಯಲ್ಲೇ ಇದೆ. ಅವನಿಗೆ ಜಾಮೀನು ಆಗಿದೆ, ಜಾಮೀನುದಾರ ಸಿಗದೆ ಕಾರವಾರದ ಜೈಲಿನಲ್ಲಿದ್ದಾನಂತೆ. ಮೊನ್ನೆ ಯಾರೋ ಅವನ ಮನೆಗೆ ಹೋಗಿ ಕಷ್ಟಸುಖ ವಿಚಾರಿಸಿ ಬಂದರಂತೆ. ನನ್ನ ಮನೆಗೆ ಈವರೆಗೆ ಯಾರೂ ಬಂದಿಲ್ಲ. ಕಳ್ಳನಿಗೆ ಸಮಾಜಸೇವೆ, ಕಳಕೊಂಡವನಿಗೆ ಅಲೆದಾಟ. ಇದು ಯಾವ ನ್ಯಾಯ? ಇಂಥವರಿಗೆ ಜೈಲೇ ಸರಿ ಅಲ್ವಾ? ನಾಳೆ ಅವನು ಹೊರಗೆ ಬಂದು ಕೆಲಸ ಕೇಳಿದರೆ ನಾನು ಕರೀಬೇಕಾ?"

ಸಂಪಾದಕರ ಉತ್ತರ

ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಚಾಲಿ ಮಾಡುವುದು ಎಂಥ ಕೆಲಸ ಅಂತ ಘಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ. ಕರಾವಳಿಯ ಓದುಗರಿಗಾಗಿ ಒಂದು ಮಾತು. ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿ ತಿಂಗಳಿಗೂ ಮೀರಿ ಒಣಗಿಸಬೇಕು. ಮೋಡ ಕಂಡರೆ ಊಟ ಬಿಟ್ಟು ಎದ್ದು ಓಡಬೇಕು. ಆಮೇಲೆ ಸುಲಿಸಿ, ಚೀಲ ಕಟ್ಟಿ, ಒಳ್ಳೆ ದರ ಬರಲಿ ಅಂತ ಕಾಯಬೇಕು. ಮೂರು ಚೀಲ ಹೋಯಿತು ಅಂದರೆ ಮನೆಯ ಎಷ್ಟೋ ತಿಂಗಳ ಖರ್ಚಿನ ದುಡ್ಡು ಹೋಯಿತು ಅಂತಲೇ. ಅದರ ಮೇಲೆ, ಕದ್ದವನು ನಿಮ್ಮ ಮನೆಯಲ್ಲಿ ಊಟ ಮಾಡಿದ ಹುಡುಗ. ದುಡ್ಡಿಗಿಂತ ಅದು ಜಾಸ್ತಿ ಚುಚ್ಚುತ್ತದೆ.

ಮೊದಲು ಠಾಣೆಯಲ್ಲಿರುವ ಎರಡು ಚೀಲದ ವಿಷಯ. ಮಳೆಗಾಲ ಹಿಡಿದರೆ ಅದಕ್ಕೆ ಬೂಸ್ಟು ಬರುವುದು ಖಂಡಿತ. ಕೇಸು ಮುಗಿಯುವ ತನಕ ಮುದ್ದೆಮಾಲು, ಅಂದರೆ ಪೊಲೀಸರು ವಶಕ್ಕೆ ತೆಗೆದುಕೊಂಡ ಮಾಲು, ಠಾಣೆಯಲ್ಲೇ ಇರಬೇಕು ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಹೀಗೆ ಮಾಲು ಕೊಳೆಯಲು ಬಿಡಬಾರದು ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಇನ್ನೂ ಬಿಗಿಯಾಗಿದೆ. ಮಾಲು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ಪಟ್ಟಿ ಆಗಬೇಕು, ಫೋಟೋ ಅಥವಾ ವಿಡಿಯೋ ತೆಗೆಸಬೇಕು. ಪಟ್ಟಿ ಆದ 30 ದಿನದೊಳಗೆ ಮಾಲು ಯಾರಿಗೆ ಅಂತ ಆದೇಶ ಆಗಬೇಕು. ಸಾಕ್ಷಿಗೆ ಆ ಫೋಟೋ ಸಾಕು. ನಿಮ್ಮ ವಕೀಲರಿಗೆ ಹೇಳಿ ಅರ್ಜಿ ಹಾಕಿಸಿ. ವಕೀಲರಿಲ್ಲದಿದ್ದರೆ ಶಿರಸಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯವರನ್ನು ಕೇಳಿ. 15100 ಸಂಖ್ಯೆಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ತನಿಖೆ ಎಲ್ಲಿಗೆ ಬಂತು ಅಂತ ದೂರು ಕೊಟ್ಟವರಿಗೆ 90 ದಿನದೊಳಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ. ಇದನ್ನು ಕೇಳುವುದಕ್ಕೆ ಹಿಂಜರಿಯಬೇಡಿ.

ಇನ್ನು ಆ ಹುಡುಗನ ಮನೆಗೆ ಹೋದವರು ಯಾರು, ಯಾಕೆ ಹೋದರು ಅನ್ನುವುದು.

ಅವನಿಗೆ ಜಾಮೀನು ಕೊಟ್ಟದ್ದು ಕೋರ್ಟು. ಅಂದರೆ ವಿಚಾರಣೆ ಮುಗಿಯುವ ತನಕ ಅವನು ಹೊರಗಿರಬಹುದು ಅಂತ ನ್ಯಾಯಾಧೀಶರೇ ತೀರ್ಮಾನಿಸಿ ಆಗಿದೆ. ಆದರೂ ಒಳಗಿದ್ದಾನೆ. ಕಾರಣ ಒಂದು ಪಹಣಿ ಪತ್ರಿಕೆ. ಜಾಮೀನುದಾರ ಅಂದರೆ ಆಸ್ತಿ ತೋರಿಸಬೇಕು, ಆಸ್ತಿ ಅಂದರೆ ಪಹಣಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜಾಗದ ಬಹುಪಾಲು ಕಾಡು. ಅಜ್ಜನ ಕಾಲದಿಂದ ಅತಿಕ್ರಮಣ ಜಾಗದಲ್ಲಿ ಮನೆ ಕಟ್ಟಿಕೊಂಡು, ನಾಲ್ಕು ಅಡಿಕೆ ಗಿಡ ನೆಟ್ಟುಕೊಂಡು ಇರುವ ಸಾವಿರಾರು ಕುಟುಂಬಗಳಿವೆ. ಅವರ ಹೆಸರಿನಲ್ಲಿ ಪಹಣಿ ಇಲ್ಲ. ಸ್ವಂತ ಅಣ್ಣ ಬಂದು ನಿಂತರೂ ಜಾಮೀನುದಾರ ಆಗುವುದಕ್ಕೆ ಬರುವುದಿಲ್ಲ. ಪಹಣಿ ಇದ್ದವರು ಕೂಲಿಯವನ ಮಗನಿಗೆ ಜಾಮೀನು ನಿಲ್ಲುವುದಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟಿಗೆ ಬರುವ ಒಡಿಶಾ, ಜಾರ್ಖಂಡಿನ ಹುಡುಗರ ಪಾಡು ಇನ್ನೂ ಕಷ್ಟ. ಅವರಿಗೆ ಇಲ್ಲಿ ಆಸ್ತಿ ಬಿಡಿ, ಗುರುತು ಹೇಳುವವರೇ ಇರುವುದಿಲ್ಲ.

ಇದು ಹೊಸ ಸಮಸ್ಯೆ ಅಲ್ಲ. ಮಧ್ಯಪ್ರದೇಶದಲ್ಲಿ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ಸಹೋದರ ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡಲು ಹೇಳಿದರು. ಬಡವನ ಬಿಡುಗಡೆ ಆಸ್ತಿ ಕಾಗದದ ಮೇಲೆ ನಿಲ್ಲಬಾರದು ಅನ್ನುವುದು ಆಗಲೇ ತೀರ್ಮಾನವಾದ ಮಾತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಸ್ಪಷ್ಟವಾಗಿ ಹೇಳಿತು. ಜಾಮೀನು ಆಗಿ 7 ದಿನವಾದರೂ ಒಬ್ಬ ಹೊರಗೆ ಬರದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಅವರು ಪ್ರೊಬೇಷನ್ ಅಧಿಕಾರಿಯನ್ನೋ (ಜೈಲಿನ ಬದಲು ಷರತ್ತಿನ ಮೇಲೆ ಬಿಟ್ಟವರ ಮೇಲೆ ಕಣ್ಣಿಡುವ ಅಧಿಕಾರಿ) ಅರೆಕಾಲಿಕ ಕಾನೂನು ಸ್ವಯಂಸೇವಕರನ್ನೋ ಕಳಿಸಿ, ಆ ಮನೆಯ ಪರಿಸ್ಥಿತಿ ಏನು ಅಂತ ವರದಿ ತರಿಸಬಹುದು. ಆ ವರದಿ ಕೋರ್ಟಿನ ಮುಂದೆ ಹೋಗುತ್ತದೆ. ಜಾಮೀನಿನ ಷರತ್ತು ಸಡಿಲಿಸಬೇಕೋ ಬೇಡವೋ ಅಂತ ಕೋರ್ಟು ನೋಡುತ್ತದೆ.

ನಿಮ್ಮ ಊರಿಗೆ ಬಂದವರು ಬಹುಶಃ ಇದೇ ಕೆಲಸಕ್ಕೆ ಬಂದವರು. ಅವನು ಕದ್ದದ್ದು ಸರಿ ಅಂತ ಹೇಳಲಿಕ್ಕೆ ಯಾರೂ ಬಂದಿಲ್ಲ.

ಇನ್ನೊಂದು ಭೇಟಿ ಮುಂದೆ ಆಗಬಹುದು. ತಪ್ಪು ಸಾಬೀತಾದರೆ, ಶಿಕ್ಷೆ ಹೇಳುವ ಮೊದಲು. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಅದಕ್ಕೆ ದಾರಿ ಮಾಡಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧ ಅಲ್ಲದಿದ್ದರೆ, ಕೋರ್ಟು ಜೈಲಿಗೆ ಕಳಿಸುವ ಬದಲು ಹೆಚ್ಚೆಂದರೆ 3 ವರ್ಷದ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು, ಅಧಿಕಾರಿಯ ಕಣ್ಣಿನ ಕೆಳಗೆ ಇರಬೇಕು ಅಂತ ಹೇಳಬಹುದು. ಷರತ್ತು ಮುರಿದರೆ ಮತ್ತೆ ಕರೆಸಿ ಅದೇ ತಪ್ಪಿಗೆ ಶಿಕ್ಷೆ ಕೊಡಬಹುದು. ಅಪರಾಧಿ 21 ವರ್ಷದ ಒಳಗಿನವನಾದರೆ ಜೈಲಿಗೆ ಹಾಕಲು ಕೋರ್ಟು ಕಾರಣ ಬರೆಯಲೇಬೇಕು. ಇಲ್ಲೊಂದು ಸಂಕಟವಿದೆ. ವಯಸ್ಸು ಲೆಕ್ಕ ಹಾಕುವುದು ಕದ್ದ ದಿನದಿಂದ ಅಲ್ಲ, ತೀರ್ಪಿನ ದಿನದಿಂದ ಅಂತ ಸುಪ್ರೀಂ ಕೋರ್ಟು 1962ರ ಕೊನೆಯಲ್ಲಿ ಹೇಳಿದೆ. ಆ ಹುಡುಗನಿಗೆ ಈಗ ಇಪ್ಪತ್ತು. ಕೇಸು ಎರಡು ವರ್ಷ ಎಳೆದರೆ ಆ ರಕ್ಷಣೆ ತಪ್ಪಿಹೋಗುತ್ತದೆ. ತಪ್ಪು ಅದೇ, ಹುಡುಗ ಅವನೇ, ವಿಳಂಬ ಮಾತ್ರ ಬೇರೆಯವರದ್ದು.

(ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯ ಶಿಕ್ಷೆ ಬಂದಿದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಕಳವಿನಲ್ಲಿ ಅದು 5,000 ರೂಪಾಯಿಗಿಂತ ಕಡಿಮೆಯ ಮಾಲಿಗೆ, ಮೊದಲ ಸಲದ ತಪ್ಪಿಗೆ, ಮಾಲು ವಾಪಸ್ ಕೊಟ್ಟರೆ ಮಾತ್ರ. ನಿಮ್ಮ ಮೂರು ಚೀಲ ಅದರೊಳಗೆ ಬರುವುದಿಲ್ಲ.)

ಅಂದ ಹಾಗೆ, ನಮ್ಮ ಜಿಲ್ಲೆಗೆ ಈ ವಿಚಾರ 1958ರಲ್ಲಿ ಬಂದದ್ದಲ್ಲ. 1956ರ ತನಕ ನಾವು ಮುಂಬೈಗೆ ಸೇರಿದ್ದೆವು. ಮುಂಬೈ ಪ್ರಾಂತ್ಯ 1938ರಲ್ಲೇ ಪ್ರೊಬೇಷನ್ ಕಾಯ್ದೆ ಮಾಡಿತ್ತು. ಸಮಾಜ ಕಾರ್ಯವನ್ನು ಓದಿ ಕಲಿಯುವ ದೇಶದ ಮೊದಲ ಶಾಲೆ ಶುರುವಾದದ್ದೂ ಮುಂಬೈಯಲ್ಲೇ, 1936ರಲ್ಲಿ. ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದು. ಅವರ 'ಪ್ರಯಾಸ್' ಯೋಜನೆಯ ಸಮಾಜ ಕಾರ್ಯಕರ್ತರು 1990ರಿಂದ ಮಹಾರಾಷ್ಟ್ರದ ಜೈಲುಗಳಲ್ಲಿ ಕೂತು ಕೆಲಸ ಮಾಡುತ್ತಾ ಬಂದಿದ್ದಾರೆ.

ಈ ಕೆಲಸ ಹೇಗಿರುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ. ಅಂಕೋಲಾ ಕಡೆಯ ಒಂದು ಮನೆ. ಮುಚ್ಚಳಿಕೆ ಮೇಲೆ ಬಿಟ್ಟ ಹುಡುಗ, ಬೋಟಿನ ಕಲಾಸಿ, ಅಂದರೆ ಬೋಟಿನಲ್ಲಿ ಕೆಲಸ ಮಾಡುವ ಆಳು. ತಾನು ಹೋಗುತ್ತಿದ್ದ ಬೋಟಿನದೇ ಬ್ಯಾಟರಿ ಕದ್ದು ಗುಜರಿಗೆ ಮಾರಿದ್ದ. ಮನೆಯವರನ್ನು ಮೊದಲೇ ಕೇಳಿ, ಗುರುತು ಬರೆಯುವುದಿಲ್ಲ ಅಂತ ಮಾತು ಕೊಟ್ಟು, ಒಬ್ಬ ಹಿರಿಯ ಸಮಾಜ ಕಾರ್ಯಕರ್ತೆಯ ಜೊತೆ ನಾನು ಹೋಗಿದ್ದೆ. ಅವರು ಕಳವಿನ ಮಾತು ತೆಗೆಯಲೇ ಇಲ್ಲ. ಜಗಲಿಯಲ್ಲಿ ಕೂತು ತಾಯಿಯ ಹತ್ತಿರ ಕೇಳಿದ ಮೊದಲ ಪ್ರಶ್ನೆ, "ವಾರದ ಕಂತು ಎಷ್ಟಮ್ಮ?" ತಾಯಿ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಒಳಗೆ ಹೋಗಿ ಬಿಸ್ಕೆಟ್ ಡಬ್ಬ ತಂದರು. ಅದರೊಳಗೆ ಮೂರು ಬೇರೆ ಬೇರೆ ಸಂಘದ ಸಾಲದ ಪುಸ್ತಕ. ಮಗಳ ಬಾಣಂತನಕ್ಕೆ ಒಂದು, ಅದರ ಕಂತು ಕಟ್ಟಲು ಇನ್ನೊಂದು, ಮನೆ ಹಂಚಿಗೆ ಮತ್ತೊಂದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಹುಡುಗನಿಗೆ ಪಾಲು ಇಲ್ಲ. ಕಂತಿಗೆ ಮಾತ್ರ ರಜೆ ಇಲ್ಲ. ಬ್ಯಾಟರಿ ಹೋದದ್ದು ಜುಲೈಯಲ್ಲಿ.

ಅವರು ಎಲ್ಲ ಬರೆದುಕೊಂಡರು. ಸಂಜೆ ಯಾರ ಜೊತೆ ಇರ್ತಾನೆ, ಕುಡಿತಾನಾ, ಕುಡಿದರೆ ಯಾರ ದುಡ್ಡಲ್ಲಿ, ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟ, ಯಾಕೆ ಬಿಟ್ಟ. ಹುಡುಗ ಕೊಟ್ಟ ಉತ್ತರಗಳಲ್ಲಿ ಎರಡು ಸುಳ್ಳು ಅಂತ ಅಲ್ಲೇ ಹೇಳಿದರು, ಮುಖ ನೋಡಿಕೊಂಡೇ. ಅವನು ತಲೆ ತಗ್ಗಿಸಿದ. ಆಮೇಲೆ ಅಲ್ಲಿಂದ ಸೀದಾ ಬೋಟಿನ ಯಜಮಾನರ ಮನೆಗೆ. ಯಜಮಾನರು ನಿಮ್ಮ ಹಾಗೇ ಸಿಟ್ಟಿನಲ್ಲಿದ್ದರು. "ನನ್ನ ಬ್ಯಾಟರಿ ದುಡ್ಡು ಮೊದಲು ಕೊಡಲಿ, ಆಮೇಲೆ ಮಾತು" ಅಂದರು. ಈಕೆ "ಸರಿ, ಅದನ್ನೇ ಬರೆಯುವ" ಅಂದರು. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಹುಡುಗನ ಪಾಲಿನಿಂದ ವಾರಕ್ಕಿಷ್ಟು ಅಂತ ಹಿಡಿದುಕೊಳ್ಳುವುದು ಅಂತಾಯಿತು. ನವರಾತ್ರಿ ಹೊತ್ತಿಗೆ ಬ್ಯಾಟರಿ ದುಡ್ಡು ತೀರಿತು.

ಎಲ್ಲ ಕಡೆ ಹೀಗೇ ಆಗುವುದಿಲ್ಲ. ಮುಚ್ಚಳಿಕೆ ಮುರಿದು ಮತ್ತೆ ಕೋರ್ಟಿಗೆ ಹೋದವರೂ ಇದ್ದಾರೆ. ಕದಿಯುವುದನ್ನೇ ಕಸುಬು ಮಾಡಿಕೊಂಡವರಿಗೆ, ಹೆಂಗಸರು ಮಕ್ಕಳ ಮೇಲೆ ಕೈ ಮಾಡಿದವರಿಗೆ ಈ ದಾರಿ ಬೇಡ ಅನ್ನುವುದರಲ್ಲಿ ನಾನೂ ನಿಮ್ಮ ಜೊತೆಗಿದ್ದೇನೆ. ಯಾರಿಗೆ ಸರಿ, ಯಾರಿಗೆ ಅಲ್ಲ ಅಂತ ತಿಳಿಯಬೇಕಾದರೂ ಯಾರಾದರೂ ಹೋಗಿ ನೋಡಲೇಬೇಕಲ್ಲ.

"ಜೈಲೇ ಸರಿ ಅಲ್ವಾ" ಅಂತ ಕೇಳಿದ್ದೀರಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಜಾಮೀನಿಗೆ ದುಡ್ಡಿಲ್ಲದ ಬಡವರಿಗೆ ಸಹಾಯ ಮಾಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ತಂದದ್ದು ಇದಕ್ಕೇ. ಅಂಥ ಇಪ್ಪತ್ತು ವರ್ಷದ ಹುಡುಗ ಒಳಗೆ ಯಾರ ಪಕ್ಕದಲ್ಲಿ ಮಲಗುತ್ತಾನೆ, ಯಾರ ನಂಬರ್ ಬರೆದುಕೊಂಡು ಹೊರಗೆ ಬರುತ್ತಾನೆ ಯೋಚಿಸಿ ಮಾರಾಯ್ರೇ. ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಅವನ ತಾಯಿ ಘಟ್ಟ ಇಳಿದು ಹೋಗಿ ಮುಖ ನೋಡಿ ಬರಬೇಕೆಂದರೆ ಒಂದು ದಿನದ ಕೂಲಿ, ಮೇಲೆ ಬಸ್ ಚಾರ್ಜು. ಮನೆಯ ಸಂಪರ್ಕ ಕಡಿಯುತ್ತದೆ, ಹೊಸ ಸಂಪರ್ಕ ಬೆಳೆಯುತ್ತದೆ. ಕೊನೆಗೆ ಅವನು ವಾಪಸ್ ಬರುವುದು ನಿಮ್ಮ ಊರಿಗೇ.

ನಿಮ್ಮ ನಷ್ಟದ ಕಡೆಯಿಂದ ನೋಡಿದರೂ ಅಷ್ಟೆ. ಜೈಲು ಶಿಕ್ಷೆ ಕೊಟ್ಟಾಗಲೂ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಆದರೆ ಒಳಗಿದ್ದವನು ಎಲ್ಲಿಂದ ತರುತ್ತಾನೆ? ಪ್ರೊಬೇಷನ್ ಕಾಯ್ದೆಯ 5ನೇ ಕಲಂ ಪ್ರಕಾರ, ಬಿಡುವಾಗಲೇ ಕಳಕೊಂಡವರಿಗೆ ಇಷ್ಟು ಪರಿಹಾರ ಕೊಡು ಅಂತ ಆದೇಶಿಸಬಹುದು. ಅದನ್ನು ಕಟ್ಟಲು ಅಪರಾಧಿಗೆ ದಾರಿ ತೋರಿಸುವುದು, ಅವನಿಗೆ ಕೆಲಸ ಹುಡುಕಲು ನೆರವಾಗುವುದು ಪ್ರೊಬೇಷನ್ ಅಧಿಕಾರಿಯ ಕೆಲಸ ಅಂತ 14ನೇ ಕಲಂ ಹೇಳುತ್ತದೆ. ಶಿಕ್ಷೆಯ ಹಂತ ಬಂದಾಗ ನಿಮ್ಮ ನಷ್ಟದ ಲೆಕ್ಕ, ಆಗಿನ ಚಾಲಿ ದರದ ಚೀಟಿ ಸಮೇತ, ಸರ್ಕಾರಿ ವಕೀಲರ ಕೈಯಲ್ಲಿರಲಿ. ಕೇಳದಿದ್ದರೆ ಯಾರೂ ಕೊಡಿಸುವುದಿಲ್ಲ.

ನಿಮ್ಮ ಮುಖ್ಯ ದೂರಿಗೆ ಈಗ ಬರುತ್ತೇನೆ. ನಿಮ್ಮ ಮನೆಗೆ ಯಾರೂ ಬರಲಿಲ್ಲ. ಅಪರಾಧಿಯ ಮನೆಯ ವಾತಾವರಣ ವಿಚಾರಿಸಿ ಅಂತ ಕಾಯ್ದೆ ಹೇಳುತ್ತದೆ, ಕಳಕೊಂಡವರ ಮನೆಗೂ ಹೋಗಿ ಅಂತ ಹೇಳುವುದಿಲ್ಲ. ಅದು ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ. ಆ ಬೋಟಿನ ಯಜಮಾನರ ಮನೆಗೆ ಆಕೆ ಹೋದದ್ದು ತಾವಾಗಿ, ತಮ್ಮ ಅನುಭವದಿಂದ. ಎಲ್ಲರೂ ಹಾಗೆ ಹೋಗಬೇಕು. ಎಷ್ಟು ಹೋಯಿತು, ಅದರಿಂದ ಮನೆಗೆ ಏನು ತೊಂದರೆ ಆಯಿತು, ಈಗಲೂ ರಾತ್ರಿ ನಾಯಿ ಬೊಗಳಿದರೆ ಎದ್ದು ಕೂರುತ್ತೀರಾ ಅಂತ ಯಾರಾದರೂ ನಿಮ್ಮ ಜಗಲಿಯಲ್ಲಿ ಕೂತು ಕೇಳಬೇಕು. ವರದಿಯಲ್ಲಿ ಅದೂ ಇರಬೇಕು. ಇದಕ್ಕೆ ಜನ ಬೇಕು. ಜೊಯಿಡಾದಿಂದ ಭಟ್ಕಳದ ತನಕ ಕಾಡು, ಘಟ್ಟ, ಹೊಳೆ ದಾಟುವ ಜಿಲ್ಲೆ ಇದು. ಕಚೇರಿಯಲ್ಲಿ ಕೂತು ಫೋನಿನಲ್ಲಿ ವಿಚಾರಿಸಿ ಬರೆದ ವರದಿಯಿಂದ ನಿಮಗೂ ಪ್ರಯೋಜನ ಇಲ್ಲ, ಆ ಹುಡುಗನಿಗೂ ಇಲ್ಲ. ತಾಲೂಕಿಗೊಬ್ಬರಾದರೂ ತರಬೇತಿ ಪಡೆದ ಸಮಾಜ ಕಾರ್ಯಕರ್ತರು, ಅವರಿಗೆ ಓಡಾಟದ ಭತ್ಯೆ. ನಮ್ಮ ಪತ್ರಿಕೆ ಇದನ್ನು ಕೇಳುತ್ತಲೇ ಇರುತ್ತದೆ. ನೀವೂ ಜೊತೆಗೆ ಕೇಳಿ.

ಕೆಲಸಕ್ಕೆ ಕರೀಬೇಕಾ ಅಂದಿರಿ. ಕರೆಯಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಯಾರಾದರೂ ಬಂದು ಒತ್ತಾಯ ಮಾಡಿದರೆ ಆಗುವುದಿಲ್ಲ ಅಂತ ಹೇಳಿ ಕಳಿಸಿ. ನಿಮ್ಮ ಮನಸ್ಸು ಒಪ್ಪದೆ ಅವನನ್ನು ಮತ್ತೆ ಅಂಗಳಕ್ಕೆ ಕರೆದರೆ ಇಬ್ಬರಿಗೂ ನೆಮ್ಮದಿ ಇರುವುದಿಲ್ಲ. ನಾನು ಕೇಳಿಕೊಳ್ಳುವುದು ಇಷ್ಟೇ. ಬೇರೆ ಯಾರಾದರೂ ಅವನನ್ನು ಕರೆದರೆ, ಫೋನ್ ಮಾಡಿ ತಪ್ಪಿಸಬೇಡಿ. ಅಡಿಕೆ ಕೊನೆ ಕೊಯ್ಯಲು ಜನ ಸಿಗದ ಈ ಕಾಲದಲ್ಲಿ ಯಾರಾದರೂ ಕರೆದೇ ಕರೆಯುತ್ತಾರೆ. ನಿಮ್ಮ ಮೂರನೇ ಚೀಲದ ದುಡ್ಡು ಬರಬೇಕಾದರೆ ಅದು ಅವನ ಆ ಕೂಲಿಯಿಂದಲೇ ಬರಬೇಕು.

ಮುದ್ದೆಮಾಲಿನ ಅರ್ಜಿ ಈ ವಾರವೇ ಹಾಕಿಸಿ. ಏನಾಯಿತು ಅಂತ ಬರೆಯಿರಿ, ಹೆಸರಿಲ್ಲದೆಯೇ ಪ್ರಕಟಿಸುತ್ತೇವೆ. ನಿಮ್ಮ ಹಾಗೇ ಠಾಣೆಯಲ್ಲಿ ಅಡಿಕೆ ಬಿಟ್ಟು ಕೂತವರು ಇನ್ನೂ ಇದ್ದಾರೆ.

— ಸಂಪಾದಕ