ಹೋದ ಸಲದ ರುಚಿ ಈ ಸಲ ಏಕಿಲ್ಲ?

ಪ್ರಶ್ನೆ: ಒಂದೇ ಎಸ್ಟೇಟಿನ ಕ್ಯಾಬರ್ನೆ ಸೋವಿನ್ಯಾನ್ ಕೆಂಪು ವೈನನ್ನು ಎರಡು ಬಾರಿ ಕೊಂಡೆ. 2018ರ ಕೊಯ್ಲಿನದ್ದು ನಯವಾಗಿತ್ತು, ಕಪ್ಪು ಹಣ್ಣಿನ ಪರಿಮಳವಿತ್ತು. 2021ರದ್ದನ್ನು ಕುಡಿದರೆ ಬಾಯೆಲ್ಲ ಒಗರು, ಮೂಗಿಗೆ ದೊಣ್ಣೆ ಮೆಣಸಿನಕಾಯಿಯ ವಾಸನೆ. ತಳದಲ್ಲಿ ಗಾಜಿನ ಪುಡಿಯಂಥ ಹರಳುಗಳೂ ಇದ್ದವು. ಲೇಬಲ್ಲಿನಲ್ಲಿ ‘ನಮ್ಮದೇ ತೋಟದ ದ್ರಾಕ್ಷಿ’ ಎಂದಿದೆ. ಸ್ವಂತ ತೋಟದ್ದಾದರೆ ರುಚಿ ಒಂದೇ ಇರಬೇಕಲ್ಲವೇ? ಇದು ಕಲಬೆರಕೆಯೇ?

ಉತ್ತರ: ತರ್ಕವನ್ನು ತಲೆಕೆಳಗಾಗಿ ಹಿಡಿದಿದ್ದೀರಿ. ಸ್ವಂತ ತೋಟದ್ದು ಎಂಬ ಕಾರಣಕ್ಕೇ ರುಚಿ ಬದಲಾಗಿದೆ. ಹತ್ತು ಕಡೆಯಿಂದ ದ್ರಾಕ್ಷಿ ಕೊಳ್ಳುವವರು ಒಂದು ಕಡೆಯ ಹುಳಿಯನ್ನು ಇನ್ನೊಂದು ಕಡೆಯ ಸಿಹಿಯಿಂದ ಸರಿತೂಗಿಸಿ ಪ್ರತಿವರ್ಷ ಹೆಚ್ಚುಕಡಿಮೆ ಒಂದೇ ರುಚಿ ಕೊಡಬಲ್ಲರು. ಎಸ್ಟೇಟಿನವರಿಗೆ ಆ ಅನುಕೂಲವಿಲ್ಲ. ಅಮೆರಿಕದ ನಿಯಮವನ್ನೇ ನೋಡಿ: ‘ಎಸ್ಟೇಟ್ ಬಾಟಲ್ಡ್’ ಎಂದು ಬರೆಯಬೇಕಾದರೆ ಅಷ್ಟೂ ದ್ರಾಕ್ಷಿ ವೈನರಿಯ ಒಡೆತನದ ಅಥವಾ ಹಿಡಿತದ ತೋಟದಿಂದಲೇ ಬಂದಿರಬೇಕು. ಮೋಡ ಕವಿದ ವರ್ಷವಾದರೆ ಮೋಡವೂ ಬಾಟಲಿಯೊಳಗೆ ಬರುತ್ತದೆ.

ಆ ಮೆಣಸಿನಕಾಯಿ ವಾಸನೆ ಹೊರಗಿನಿಂದ ಬಂದದ್ದಲ್ಲ, ವಂಶದಿಂದ ಬಂದದ್ದು. ಕ್ಯಾಬರ್ನೆ ಸೋವಿನ್ಯಾನ್ ಕೆಂಪು ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ಸೋವಿನ್ಯಾನ್ ಬ್ಲಾಂಕ್‌ಗಳಿಗೆ ಹುಟ್ಟಿದ ದ್ರಾಕ್ಷಿ ತಳಿ ಎಂದು 1997ರಲ್ಲಿ ಡಿಎನ್ಎ ಪರೀಕ್ಷೆ ತೋರಿಸಿತು. ತಂದೆತಾಯಿ ಇಬ್ಬರಲ್ಲೂ ಪೈರಜೀನ್ ಎಂಬ ಹಸಿರು ವಾಸನೆಯ ವಸ್ತು ಇದೆ. ಗೊಂಚಲಿಗೆ ಬಿಸಿಲು ಬಿದ್ದು ಹಣ್ಣು ಮಾಗುತ್ತ ಹೋದಂತೆ ಅದು ಕರಗುತ್ತದೆ. ನಿಮ್ಮ 2021ರ ಹಣ್ಣು ಪೂರ್ತಿ ಮಾಗುವ ಮೊದಲೇ ಬುಟ್ಟಿಗೆ ಬಿದ್ದಿರಬೇಕು.

ಒಗರಿನ ಕಥೆಯೂ ಅದೇ. ನಾನು ಕೆಲವು ವರ್ಷ ವೈನರಿಯ ನೆಲಮಾಳಿಗೆಯಲ್ಲಿ ಪೀಪಾಯಿ ತೊಳೆದವನು. ಕೊಯ್ಲಿನ ಹಿಂದಿನ ವಾರ ನಮ್ಮ ಮೇಸ್ತ್ರಿ ಬೆಳಿಗ್ಗೆ ಸಾಲುಗಳ ನಡುವೆ ನಡೆಯುತ್ತ ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ರಸ ನುಂಗಿ, ಸಿಪ್ಪೆಯನ್ನು ಅಗಿದು, ಕೊನೆಗೆ ಬೀಜವನ್ನು ಅಂಗೈಗೆ ಉಗಿದು ನೋಡುತ್ತಿದ್ದರು. ಬೀಜ ಹಸಿರಾಗಿದ್ದರೆ ಮುಖ ಸಿಂಡರಿಸಿ ಹೊರಟುಬಿಡುತ್ತಿದ್ದರು. ಕಂದು ಬಣ್ಣಕ್ಕೆ ತಿರುಗಿ, ಹಲ್ಲಿಗೆ ಕಟುಂ ಎಂದರೆ ಮಾತ್ರ ಆಳುಗಳನ್ನು ಕರೆಯುತ್ತಿದ್ದರು. ಸಕ್ಕರೆ ಅಳೆಯುವ ಉಪಕರಣ ಅವರ ಜೇಬಿನಲ್ಲೇ ಇರುತ್ತಿತ್ತು, ಆದರೆ ನಂಬಿದ್ದು ಹಲ್ಲನ್ನು. ಕೆಂಪು ವೈನಿನಲ್ಲಿ ರಸದ ಜೊತೆ ಸಿಪ್ಪೆ, ಬೀಜಗಳೂ ನೆನೆಯುತ್ತವೆ. ಬಣ್ಣವೂ ಟ್ಯಾನಿನ್ ಎಂಬ ಒಗರೂ ಬರುವುದು ಅಲ್ಲಿಂದ. ಬಲಿಯದ ಬೀಜದ ಒಗರು ಹೆಚ್ಚು ಹೊತ್ತು ಕುದಿಸಿದ ಕಪ್ಪು ಚಹಾದಂತೆ ಒಸಡನ್ನು ಹಿಡಿಯುತ್ತದೆ.

ಹರಳುಗಳು ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣ. ತಂಪಿಗೆ ಹರಳುಗಟ್ಟಿ ಕೆಳಗಿಳಿದಿವೆ, ಭಯ ಬೇಡ.

ಉಳಿದ ಬಾಟಲಿ ಇದ್ದರೆ ಫ್ರಿಜ್ಜಿನಿಂದ ನೇರ ಲೋಟಕ್ಕೆ ಸುರಿಯಬೇಡಿ. ತಣ್ಣಗಿದ್ದಷ್ಟೂ ಒಗರು ಎದ್ದು ಕಾಣುತ್ತದೆ. 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ. ಅಗಲ ಬಾಯಿಯ ಪಾತ್ರೆಗೆ ನಿಧಾನವಾಗಿ ಬಗ್ಗಿಸಿ, ಗಸಿ ಹಿಂದೆಯೇ ಉಳಿಯಲಿ, ಒಂದು ಗಂಟೆ ಗಾಳಿಯಾಡಲಿ. ಇನ್ನೂ ತೆರೆಯದ ಬಾಟಲಿಯನ್ನು ಕತ್ತಲಲ್ಲಿ ಮಲಗಿಸಿಟ್ಟರೆ ಕೆಲವು ವರ್ಷಗಳಲ್ಲಿ ಒಗರು ಮೆದುವಾಗುತ್ತದೆ. ಮೆಣಸಿನಕಾಯಿ ವಾಸನೆ ಮಾತ್ರ ಹಟಮಾರಿ, ವರ್ಷಗಟ್ಟಲೆ ಇಟ್ಟರೂ ಸುಲಭಕ್ಕೆ ಹೋಗದು. ನನಗೆ ಅದು ಸ್ವಲ್ಪ ಇದ್ದರೇ ಇಷ್ಟ. ನಿಮಗೆ ಆಗದಿದ್ದರೆ 2018ರದ್ದನ್ನೇ ಇನ್ನೊಂದು ಹುಡುಕಿ.