ಕಿರುಪ್ರಬಂಧದ ವಿಷಯ ಗೊತ್ತಾಗಿದೆ, ಮುಂದೇನು ಮಾಡಲಿ?

ಧಾರವಾಡದಲ್ಲಿ ಎಂ.ಎ. ಇತಿಹಾಸ ಓದುತ್ತಿದ್ದೀರಿ, ‘ಗದಗ ಜಿಲ್ಲೆಯ ಸಹಕಾರ ಚಳವಳಿ’ ಕುರಿತು ಕಿರುಪ್ರಬಂಧ ಬರೆಯಬೇಕು, ಹುಡುಕಿದಲ್ಲೆಲ್ಲ ಅದೇ ನಾಲ್ಕು ಸಾಲು ಸಿಗುತ್ತಿವೆ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ನಾನು ಗದಗಿನಲ್ಲಿ ಇತಿಹಾಸದ ಮೇಷ್ಟ್ರು. ಈ ತೊಳಲಾಟವನ್ನು ವರ್ಷವರ್ಷವೂ ನೋಡುತ್ತೇನೆ.

ನಿಮ್ಮ ಕೈಯಲ್ಲಿ ವಿಷಯವಿದೆ, ಪ್ರಶ್ನೆ ಇಲ್ಲ. ಪ್ರಶ್ನೆ ಇಲ್ಲದವರಿಗೆ ಓದಿದ್ದೆಲ್ಲ ಮುಖ್ಯವೆನ್ನಿಸುತ್ತದೆ, ಅಥವಾ ಯಾವುದೂ ಮುಖ್ಯವೆನ್ನಿಸುವುದಿಲ್ಲ.

ಆ ನಾಲ್ಕು ಸಾಲುಗಳನ್ನೇ ತೆಗೆದುಕೊಳ್ಳೋಣ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ಏಷ್ಯಾದಲ್ಲೇ ಮೊದಲನೆಯದು ಎಂಬ ಮಾತು ನಮ್ಮ ಕಡೆ ಭಾಷಣದಿಂದ ಭಾಷಣಕ್ಕೆ ದಾಟುತ್ತಲೇ ಇದೆ. ಅತ್ತ ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ತಿರೂರಿನವರು ತಮ್ಮ ಸಂಘ 1904ರದು, ದೇಶಕ್ಕೆ ತಾವೇ ಮೊದಲು ಎನ್ನುತ್ತಾರೆ. ಊರಿನ ಅಭಿಮಾನಕ್ಕೆ ಇಲ್ಲಿ ಜಗಳಕ್ಕೆ ನಿಲ್ಲಬೇಡಿ. ಮೊದಲು ಎಂದರೆ ಯಾವ ಲೆಕ್ಕದಲ್ಲಿ? ಜನ ಸಭೆ ಸೇರಿದ ದಿನವೇ, 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯಡಿ ನೋಂದಣಿಯಾದ ದಿನವೇ, ಮೊದಲ ಸಾಲ ಕೊಟ್ಟ ದಿನವೇ? ಹೀಗೆ ಕೇಳಿದ ಕೂಡಲೇ ಯಾವ ಕಾಗದ ಹುಡುಕಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನನ್ನನ್ನು ಕೇಳಿದರೆ ‘ಮೊದಲು ಯಾರು’ ಎಂಬುದಕ್ಕಿಂತ ರುಚಿಯಾದ ಪ್ರಶ್ನೆ ಬೇರೆ ಇದೆ. ಆ ಸಂಘದ ಆರಂಭದ ಹತ್ತು ವರ್ಷಗಳಲ್ಲಿ ಸಾಲ ಸಿಕ್ಕಿದ್ದು ಯಾರಿಗೆ? ಸ್ವಂತ ಹೊಲವಿದ್ದವರಿಗೆ ಮಾತ್ರವೇ, ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವರಿಗೂ ಸಿಕ್ಕಿತೇ? ಉತ್ತರ ಹೀಗೂ ಬರಬಹುದು, ಹಾಗೂ ಬರಬಹುದು. ಬರೆಯುವ ಮೊದಲೇ ಉತ್ತರ ಗೊತ್ತಿರುವ ‘ಚಳವಳಿಯ ಮಹತ್ವ’ದಂಥ ಶೀರ್ಷಿಕೆ ಇಟ್ಟುಕೊಂಡು ಕುಳಿತರೆ ಪುಟ ತುಂಬುತ್ತದೆ, ಅಷ್ಟೇ.

ಇನ್ನು ಆಕರ. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. 1905ರ ದಾಖಲೆಯಲ್ಲಿ ‘ಗದಗ ಜಿಲ್ಲೆ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಆಗ ಇದೆಲ್ಲ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ, ಇಂಗ್ಲಿಷ್ ಕಾಗದಗಳಲ್ಲಿ ‘ಧಾರ್ವಾರ್’. ಆದ್ದರಿಂದ ಮುಂಬೈ ಸರ್ಕಾರದ ಸಹಕಾರ ಇಲಾಖೆಯ ವಾರ್ಷಿಕ ವರದಿಗಳನ್ನು ಹುಡುಕಿ. 1884ರ ಮುಂಬೈ ಗೆಜೆಟಿಯರಿನ ಧಾರವಾಡ ಸಂಪುಟ ಸಂಘಕ್ಕಿಂತ ಹಳೆಯದು, ಆದರೂ ಬಿಡಬೇಡಿ: ಅದರ ಬಂಡವಾಳದ ಅಧ್ಯಾಯದಲ್ಲಿ ಸಾಹುಕಾರರ ಸಾಲ, ಬಡ್ಡಿಯ ವಿವರಗಳಿವೆ. ಸಂಘ ಯಾರ ಎದುರು ಹುಟ್ಟಿತು ಎಂಬುದು ಅಲ್ಲಿ ಕಾಣುತ್ತದೆ. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಸಿಗುವ ಶೋಧಗಂಗಾ ಜಾಲತಾಣದಲ್ಲಿ ಸಹಕಾರದ ಕುರಿತ ಪಿಎಚ್.ಡಿ. ಪ್ರಬಂಧ ಸಿಕ್ಕರೆ ಮೊದಲು ಕೊನೆಯ ಗ್ರಂಥಸೂಚಿ ನೋಡಿ, ಆಮೇಲೆ ಮೊದಲ ಪುಟಕ್ಕೆ ಬನ್ನಿ.

ಸಂಘದ ದಾಖಲೆ ನೋಡಲು ಕಣಗಿನಹಾಳಕ್ಕೆ ಹೋಗುವಾಗ ನಿಮ್ಮ ವಿಭಾಗದ ಮುಖ್ಯಸ್ಥರ ಸಹಿ, ಮುದ್ರೆ ಇರುವ ಪತ್ರ ಜೊತೆಗಿರಲಿ. ಮಾರ್ಚ್ ಕೊನೆಗೆ ಮಾತ್ರ ಹೋಗಬೇಡಿ, ಸಾಲ ವಸೂಲಿಯ ಗಡಿಬಿಡಿಯಲ್ಲಿ ಯಾವ ಸಂಘದ ಕಾರ್ಯದರ್ಶಿಗೂ ನಿಮ್ಮ ಕಡೆ ನೋಡಲು ಪುರಸೊತ್ತು ಇರುವುದಿಲ್ಲ. ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಸಾಲದ ಖಾತೆ ಎಂದು ಹೆಸರಿಟ್ಟು ಕೇಳಿ. ‘ಹಳೆಯ ಮಾಹಿತಿ ಕೊಡಿ’ ಎಂದರೆ ಶತಮಾನೋತ್ಸವದ ಸ್ಮರಣ ಸಂಚಿಕೆಯಂಥದ್ದೇನಾದರೂ ಕೈಗಿಟ್ಟು ಕಳಿಸುತ್ತಾರೆ. ಹಳೆಯ ಲೆಕ್ಕ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಕೂಡುಬರಹ) ಇದ್ದರೆ ಗಾಬರಿಯಾಗಬೇಡಿ. ಓದಬಲ್ಲ ಹಿರಿಯರು ಯಾರಿದ್ದಾರೆ ಎಂದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಿಚಾರಿಸಿ.

ಟಿಪ್ಪಣಿ ಮಾಡುವಾಗಲೇ ಪುಟಸಂಖ್ಯೆ ಬರೆದುಕೊಳ್ಳಿ. ಅವರ ಮಾತು ಯಾವುದು, ನಿಮ್ಮ ಮಾತು ಯಾವುದು ಎಂದು ಅಲ್ಲೇ ಗುರುತಿಸಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆಯವರ ಬರಹದೊಂದಿಗೆ ಶೇ. 10ಕ್ಕಿಂತ ಹೆಚ್ಚು, ಶೇ. 40ರವರೆಗೆ ಹೋಲಿಕೆ ಕಂಡರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು.

ಖಾತೆ ಪುಸ್ತಕಗಳನ್ನು ಗೆದ್ದಲು ತಿಂದಿದ್ದರೆ ಅಥವಾ ಸಂಘದವರು ತೋರಿಸದಿದ್ದರೆ ಪ್ರಶ್ನೆಯನ್ನೇ ಬದಲಿಸಿ. ‘ಸಾಲ ಯಾರಿಗೆ’ ಎನ್ನುವ ಬದಲು ‘ಸರ್ಕಾರಿ ವರದಿಗಳು ಈ ಸಂಘವನ್ನು ಹೇಗೆ ಕಂಡವು’ ಎಂದು ಕೇಳಬಹುದು. ಈ ಬದಲಾವಣೆಯನ್ನು ಗೈಡ್‌ಗೆ ಮೊದಲ ತಿಂಗಳಲ್ಲೇ ಒಂದು ಪುಟದಲ್ಲಿ ಬರೆದು ತೋರಿಸಿ. ಕೊನೆಯ ತಿಂಗಳಲ್ಲಿ ತೋರಿಸಿದರೆ ಅವರು ಒಪ್ಪುವುದಿಲ್ಲ, ಒಪ್ಪಲೂಬಾರದು.